ಗುಂಡ್ಲುಪೇಟೆಯಿಂದ ಬಂದ ಮೂರು ದೂರು

೮ ಜನವರಿ ೨೦೨೫, ಬುಧವಾರ

ಟೋನರ್ ತಂದುಕೊಡುವವನು ಹೊಸ ವರ್ಷಕ್ಕೆಂದು ಆಫೀಸಿನಲ್ಲಿ ಎಲ್ಲರಿಗೂ ಡೈರಿ ಹಂಚಿದ್ದ. ನನ್ನ ಕೈಗೆ ಬಂದದ್ದು ಕೊನೆಯದು, ರಟ್ಟಿನ ಮೂಲೆ ಮುರಿದದ್ದು. ವಾರದಿಂದ ಮೇಜಿನ ಮೇಲೆ ಬಿದ್ದಿತ್ತು. ಇವತ್ತು ಯಾರ ಮೇಲಾದರೂ ರೇಗದಿದ್ದರೆ ತಲೆ ಸಿಡಿಯುತ್ತದೆ ಅನ್ನಿಸಿ ಮನೆಗೆ ತಂದೆ. ರೇಗುವುದಕ್ಕೆ ಇದೇ ವಾಸಿ. ಎದುರು ಮಾತಾಡುವುದಿಲ್ಲ.

ಇವತ್ತು ಇಪ್ಪತ್ತಮೂರು ಕರೆ. ಮೌಸ್ ಓಡುತ್ತಿಲ್ಲ ಎಂದ ಯೂಸರ್ ಅದನ್ನು ಫೈಲಿನ ದಾರದ ಮೇಲೆ ಇಟ್ಟಿದ್ದ. ಇಂಟರ್ನೆಟ್ ಹೋಯಿತು ಎಂದ ಯೂಸರ್ ಮೊಬೈಲ್ ಚಾರ್ಜಿಗೆ ಹಾಕಲು ತಾನೇ ಪ್ಲಗ್ ಕಿತ್ತಿದ್ದ. ಎಲ್ಲರದ್ದೂ ಒಂದೇ ಮಾತು: "ನಾನೇನೂ ಮಾಡ್ಲಿಲ್ಲ, ತಾನೇ ಹಂಗಾಯ್ತು."

ಈ ಅರಿಶಿನ ಬೆಳೆಗಾರರ ಸಹಕಾರ ಮಂಡಳಿ ಸೇರಿ ಹನ್ನೊಂದು ವರ್ಷ. ಚಾಮರಾಜನಗರದ ಹೆಡ್ ಆಫೀಸು, ನಾಲ್ಕು ಶಾಖೆ, ನಲವತ್ತೊಂದು ಕಂಪ್ಯೂಟರು, ನೋಡಿಕೊಳ್ಳಲು ನಾನೊಬ್ಬಳು. ಮೊದಲು ಶಾಖೆಗಳಿಗೆ ಸುಧಾಕರ್ ಹೋಗಿಬರುತ್ತಿದ್ದ. ಅವನು ಬಿಟ್ಟು ಎರಡು ವರ್ಷವಾಯಿತು, ಅವನ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಈಗ ಎಲ್ಲ ಫೋನಿನಲ್ಲೇ.

ಸಂಜೆ ಬ್ಯಾಗು ಹೆಗಲಿಗೆ ಹಾಕಿದ ಮೇಲೆ ಗುಂಡ್ಲುಪೇಟೆ ಯೂಸರ್ ಕರೆ. ಇದೇ ವಿಷಯಕ್ಕೆ ಮೂರನೇ ಸಲ.

"ಅಮ್ಮಿ, ಈ ಕಂಪ್ಯೂಟ್ರು ಕರಕರ ಅಂತದೆ ಕಣಮ್ಮಿ. ನಿದ್ದೇಲಿ ಹಲ್ಲು ಕಡ್ದಂಗೆ."

"ಆನ್ ಆಗ್ತಿದೆಯಾ ಮೇಡಂ?"

"ಆಯ್ತದೆ."

"ಕೆಲಸ ಮಾಡ್ತಿದೆಯಾ?"

"ಮಾಡ್ತದೆ. ಆದ್ರೂವೆ ಮೊದ್ಲು ಇಂಗೆ ಅಂತಿರ್ನಿಲ್ಲ."

"ಫ್ಯಾನ್‌ಗೆ ಧೂಳು ಕೂತಿರುತ್ತೆ. ಏನಾಗಲ್ಲ ಬಿಡಿ."

ದೂರು ಮುಚ್ಚಿ ಮನೆಗೆ ಬಂದೆ. ಅಮ್ಮ ಬಾಗಿಲಲ್ಲೇ ಕೇಳಿದರು: ಗುತ್ತಿಗೆ ಕೆಲಸ ಖಾಯಂ ಮಾಡುವ ಫೈಲು ಏನಾಯಿತು? ಮಾರ್ಚ್ ಮೀಟಿಂಗಿಗೆ ಇಡುತ್ತಾರಂತೆ ಎಂದೆ. ಪ್ರತಿ ವರ್ಷವೂ ಇದನ್ನೇ ಹೇಳುತ್ತೇನೆ, ಪ್ರತಿ ವರ್ಷವೂ ಅವರು "ಇನ್ಶಾ ಅಲ್ಲಾ" ಅನ್ನುತ್ತಾರೆ.

೧೭ ಜನವರಿ, ಶುಕ್ರವಾರ

ಇಪ್ಪತ್ತೊಂಬತ್ತು.

ಗೋದಾಮಿನ ಯೂಸರ್ ಕೂಗಾಡಿದ. "ನಿಮ್ಗೆ ಸಂಬಳ ಕೊಡೋದು ಯಾಕೆ?" ಅಂದ. ಅವನ ಕೀಬೋರ್ಡಿನ ಮೇಲೆ ಟೀ ಚೆಲ್ಲಿದವಳು ನಾನಲ್ಲ.

ಅಬ್ಬಾ ನೆನಪಾದರು. ಅವರೂ ಮಾಡುತ್ತಿದ್ದುದು ಇದೇ ಕೆಲಸ ತಾನೆ? ಗುಂಡ್ಲುಪೇಟೆಯಲ್ಲಿ ಟೈಪ್‌ರೈಟರ್ ರಿಪೇರಿ ಎಂದರೆ ಹಿದಾಯತ್ ಉಲ್ಲಾ ಒಬ್ಬರೇ. ರಜೆಯಲ್ಲಿ ಸೈಕಲ್ ಬಾರಿನ ಮೇಲೆ ನನ್ನನ್ನು ಕೂರಿಸಿಕೊಂಡು ಆಫೀಸಿನಿಂದ ಆಫೀಸಿಗೆ ಹೋಗುತ್ತಿದ್ದರು. ಹೊರಗೆ ಸ್ಟ್ಯಾಂಡ್ ಹಾಕಿದ ಸದ್ದಿಗೇ ಒಳಗಿನಿಂದ ಯಾರಾದರೂ "ಸಾಬ್ರು ಬಂದ್ರು" ಎನ್ನುತ್ತಿದ್ದರು. ಕುರ್ಚಿ ಬರುತ್ತಿತ್ತು. ಟೀ ಬರುತ್ತಿತ್ತು. ನನಗೆ ಬೇರೆ ಬನ್ನು. ಕೂಗಾಡಿದವರನ್ನು ನಾನು ನೋಡಲಿಲ್ಲ.

ಅವರು ಮಾಡುತ್ತಿದ್ದುದರಲ್ಲಿ ಏನು ಬೇರೆಯಿತ್ತೋ ಗೊತ್ತಿಲ್ಲ. ಕಾಲವೇ ಬೇರೆಯಿತ್ತು ಅನ್ನಬೇಕಷ್ಟೆ.

೨೮ ಜನವರಿ, ಮಂಗಳವಾರ

ಮೂವತ್ತನಾಲ್ಕು. ಊಟ ಮಾಡಲಿಲ್ಲ.

೬ ಫೆಬ್ರವರಿ, ಗುರುವಾರ

ಗುಂಡ್ಲುಪೇಟೆಯ ಕಂಪ್ಯೂಟರು ಹೋಯಿತು. ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ತೆರೆಯ ಮೇಲೆ ಒಂದು ಬಿಳಿ ಗೆರೆ, ಅಷ್ಟೇ. ನಮ್ಮಲ್ಲಿ ಅದರ ನಕಲು ಇದೆಯಲ್ಲ ಎಂದು ಧೈರ್ಯವಾಗಿದ್ದೆ. ತೆಗೆದು ನೋಡಿದರೆ ಸರಿಯಾದ ಕೊನೆಯ ನಕಲು ಅಕ್ಟೋಬರ್ ಒಂಬತ್ತನೇ ತಾರೀಖಿನದು. ಆಮೇಲೆ ಪ್ರತಿ ವಾರವೂ "ನಕಲು ವಿಫಲ" ಎಂದು ನನಗೇ ಮೇಲ್ ಬಂದಿದೆ. ದಿನಕ್ಕೆ ಅಂಥ ಅರವತ್ತು ಮೇಲ್ ಬರುತ್ತವೆ. ಓದುವುದು ಬಿಟ್ಟು ಎಷ್ಟು ಕಾಲವಾಯಿತೋ.

ಹೋದದ್ದು ಬಾಯ್ಲರ್ ಸರದಿ ಪಟ್ಟಿ. ಕಿತ್ತ ಅರಿಶಿನ ಬೇಯಿಸುವ ಬಾಯ್ಲರನ್ನು ಮಂಡಳಿ ಟ್ರ್ಯಾಕ್ಟರಿನಲ್ಲಿ ಊರೂರಿಗೆ ಕಳಿಸುತ್ತದೆ. ಯಾರ ಕಣಕ್ಕೆ ಯಾವಾಗ ಎನ್ನುವುದು ಆ ಪಟ್ಟಿಯಲ್ಲಿತ್ತು, ನವೆಂಬರಿನಿಂದ ಬರೆಸಿದ ಹೆಸರುಗಳು. ಇಪ್ಪತ್ತನೇ ತಾರೀಖು ಬಾಯ್ಲರ್ ಹೊರಡಬೇಕು. ಸರದಿ ತಿಳಿಯದೆ ರೈತ ಕೀಳುವ ಹಾಗಿಲ್ಲ, ಕಿತ್ತದ್ದನ್ನು ಬೇಯಿಸದೆ ಹೆಚ್ಚು ದಿನ ಇಡುವ ಹಾಗಿಲ್ಲ.

ಸೆಕ್ರೆಟರಿ ಶಿವರುದ್ರಸ್ವಾಮಿಯವರು, "ನಾಳೆಯಿಂದ ನೀನು ಗುಂಡ್ಲುಪೇಟೆಯಲ್ಲೇ ಇರು" ಅಂದರು.

ಅಬ್ಬಾ ಹೋಗಿ ಆರು ವರ್ಷ. ಮನೆ ಮಾರಿ ಅಮ್ಮನನ್ನು ಕರೆತಂದ ಮೇಲೆ ಆ ಊರಿನಲ್ಲಿ ಬಸ್ಸಿನಿಂದ ಇಳಿದಿಲ್ಲ. ಊಟಿ ಕಡೆ ಹೋದಾಗಲೂ ಕಿಟಕಿಯಿಂದ ಆಚೆ ನೋಡಿರಲಿಲ್ಲ.

೭ ಫೆಬ್ರವರಿ, ಶುಕ್ರವಾರ

ಎಂಟೂಕಾಲರ ಬಸ್ಸು. ತೆರಕಣಾಂಬಿಯ ತನಕ ನಿಂತುಕೊಂಡೇ ಹೋದೆ.

ಅಬ್ಬಾ ಅಂಗಡಿ ಇದ್ದ ಕಡೆ ಈಗ ಬಾಳೆಕಾಯಿ ಚಿಪ್ಸ್ ಕರಿಯುತ್ತಾರೆ. ಕೇರಳಕ್ಕೆ ಹೋಗುವ ಕಾರುಗಳು ಸಾಲಾಗಿ ನಿಂತಿದ್ದವು, ಬೋರ್ಡು ಕೂಡ ಮಲಯಾಳದಲ್ಲಿದೆ. ಬಾಗಿಲಿನ ಹಲಗೆಗಳು ಮಾತ್ರ ಹಳೆಯವೇ. ಎದುರಿನ ಮಹಡಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಸಂಜೆ ಐದಕ್ಕೆ ಹದಿನೈದು ಮಿಷಿನ್ನು ಒಟ್ಟಿಗೆ ಶುರುವಾದರೆ, ಬಾಣಲೆಯಲ್ಲಿ ಹುರುಳಿ ಹುರಿದ ಹಾಗೆ ಬೀದಿಯೆಲ್ಲ ಸಿಡಿಯುತ್ತಿತ್ತು. ಅಬ್ಬಾ ಮಾತಿನ ನಡುವೆ ತಟ್ಟನೆ ನಿಲ್ಲಿಸಿ, "ಮೂರನೇ ಮಿಷಿನ್ ಬೆಲ್ ಹೊಡೀತಿಲ್ಲ" ಅನ್ನುತ್ತಿದ್ದರು. ಯಾರೂ ಕರೆಯದಿದ್ದರೂ ಎದ್ದು ಹೋಗುತ್ತಿದ್ದರು. ಈಗ ಆ ಮಹಡಿಯಲ್ಲಿ ಜಿಮ್.

ಶಾಖೆಯಲ್ಲಿ ಇರುವುದು ಒಬ್ಬರೇ ಗುಮಾಸ್ತೆ, ಗಂಗಾಂಬಿಕೆ. ಸಂತೇಮರಹಳ್ಳಿ ಶಾಖೆಯಿಂದ ಹೋದ ವರ್ಷ ಇಲ್ಲಿಗೆ ಬಂದವರು. ಈ ಮಾರ್ಚಿಗೆ ನಿವೃತ್ತಿ. ಫೋನಿನ ಧ್ವನಿ ಕೇಳಿ ದಪ್ಪಗಿರಬಹುದು ಅಂದುಕೊಂಡಿದ್ದೆ. ಸಣ್ಣ ಕಡ್ಡಿಯಂಥ ಹೆಂಗಸು, ದೊಡ್ಡ ಕನ್ನಡಕ. ಕೌಂಟರಿನಾಚೆ ಹತ್ತು ಹದಿನೈದು ರೈತರು. ಎಲ್ಲರಿಗಿಂತ ಮುಂದೆ ನಿಂತು ಕೂಗುತ್ತಿದ್ದವರು ಭೀಮನಬೀಡಿನ ಚಿಕ್ಕಮಲ್ಲಪ್ಪ.

"ನಮ್ಮೂರ್ನಲ್ಲಿ ನಂದು ಹದಿನೇಳ್ನೇದು ಕಣವ್ವ! ನಿಮ್ ಮಿಸಿನ್ನು ಸತ್ತೋದ್ರೆ ನನ್ ಸರದೀನೂ ಸತ್ತೋಯ್ತದಾ?"

"ಚೀಟಿ ಕೊಟ್ಟಿಲ್ಲವಾ ಮೇಡಂ?" ನಾನು ಮೆಲ್ಲಗೆ ಕೇಳಿದೆ.

"ಪ್ರಿಂಟ್ರು ನವೆಂಬರ್‌ನಿಂದ ಕೆಟ್ಟದೆ ಕಣಮ್ಮಿ. ಯೋಳಿದ್ನಲ್ಲ ನಿಂಗೆ."

ಹೇಳಿದ್ದರು. ಆ ದೂರು ನನ್ನ ಪಟ್ಟಿಯಲ್ಲಿ "ಬಾಕಿ" ಎಂದು ಇದೆ.

ಮಧ್ಯಾಹ್ನ ಕಂಪ್ಯೂಟರ್ ಬಿಚ್ಚಿ, ಆನ್ ಮಾಡಿ, ಒಳಗಿನ ಡಿಸ್ಕಿಗೆ ಕಿವಿ ಇಟ್ಟೆ. ಕರಕರ. ನಿದ್ದೆಯಲ್ಲಿ ಹಲ್ಲು ಕಡಿದಂತೆಯೇ.

೧೦ ಫೆಬ್ರವರಿ, ಸೋಮವಾರ

ಡಿಸ್ಕನ್ನು ಮೈಸೂರಿಗೆ ಒಯ್ದಿದ್ದೆ. ಅಂಗಡಿಯವನು ಒಳಗಿನ ತಟ್ಟೆ ಗೀಚಿಹೋಗಿದೆ, ಏನೂ ಸಿಗುವುದಿಲ್ಲ ಎಂದ. "ಮೊದಲೇ ಸದ್ದು ಮಾಡಿರ್ಬೇಕಲ್ಲ ಮೇಡಂ? ಆಗಲೇ ತಂದಿದ್ರೆ ಅರ್ಧ ಗಂಟೆ ಕೆಲಸ" ಎಂದ.

ಬಸ್ಸಿನಲ್ಲಿ ನಂಜನಗೂಡು ದಾಟುವ ತನಕ ಆ ಅರ್ಧ ಗಂಟೆಯನ್ನೇ ಯೋಚಿಸುತ್ತಿದ್ದೆ.

೧೩ ಫೆಬ್ರವರಿ, ಗುರುವಾರ

ದೂರುಗಳ ಪಟ್ಟಿ ತೆಗೆದು ನೋಡಿದೆ. ನವೆಂಬರ್ ೨೧, ಡಿಸೆಂಬರ್ ೧೬, ಜನವರಿ ೮. ಮೂರಕ್ಕೂ ನನ್ನದೇ ಷರಾ: "ಯೂಸರ್‌ಗೆ ತಿಳಿಸಲಾಗಿದೆ. ಸಮಸ್ಯೆ ಇಲ್ಲ." ಮೂರನ್ನೂ ಎರಡು ನಿಮಿಷದೊಳಗೆ ಮುಚ್ಚಿದ್ದೇನೆ. ಬೇಗ ಮುಚ್ಚಿದ್ದಕ್ಕೆ ಆಯಾ ತಿಂಗಳ ವರದಿಯಲ್ಲಿ ಹಸಿರು ಬಣ್ಣ ಬಂದಿದೆ.

ಅಬ್ಬಾ ಟೈಪ್‌ರೈಟರ್ ಬಿಚ್ಚುವ ಮೊದಲು ಅದರ ಮುಂದೆ ಕೂರುವ ಟೈಪಿಸ್ಟನ್ನು ಕರೆದು, "ನೀವು ಹೊಡೀರಿ, ನಾನು ಕೇಳ್ತೀನಿ" ಅನ್ನುತ್ತಿದ್ದರು. ಗೋಡೆಗೆ ಒರಗಿ, ಕಣ್ಣು ಮುಚ್ಚಿ. ಎಷ್ಟು ಹೊತ್ತು ಅಂದರೆ ನನಗೆ ಬೇಜಾರಾಗಿ ಅಂಗಳಕ್ಕೆ ಓಡುತ್ತಿದ್ದೆ. "ದಿನಾ ಮುಟ್ಟೋರಿಗೆ ಮೊದಲು ಗೊತ್ತಾಗೋದು ಬೇಟಾ, ನನಗಲ್ಲ" ಎಂದು ಒಮ್ಮೆ ಹೇಳಿದ್ದರು. ಆಗ ನನಗೆ ಒಂಬತ್ತು ವರ್ಷ.

ದೂರು ಮುಚ್ಚಿದ ವಿಷಯ ಯಾರಿಗೂ ಹೇಳಿಲ್ಲ. ಅಮ್ಮನಿಗೂ.

೧೮ ಫೆಬ್ರವರಿ, ಮಂಗಳವಾರ

ಸೆಕ್ರೆಟರಿ ಕರೆಸಿದರು. ಬಾಗಿಲು ಮುಂದೆ ಮಾಡಿ ಕೂರಲು ಹೇಳಿದರು.

"ನೋಡಮ್ಮ ಅನೀಸಾ, ಡೈರೆಕ್ಟರುಗಳು ನನ್ನ ಕುತ್ತಿಗೆ ಮೇಲೆ ಕೂತವ್ರೆ. ಕಂಪ್ಯೂಟರ್ ಹಾಳಾಯ್ತು ಅಂದ್ರೆ ಯಾರೋ ಹಾಳು ಮಾಡಿರ್ಬೇಕಲ್ವಾ? ಗಂಗಾಂಬಿಕೆ ಸರಿಯಾಗಿ ಶಟ್‌ಡೌನ್ ಮಾಡದೆ ದಿನಾ ಸ್ವಿಚ್ ಆರಿಸ್ತಿದ್ರು ಅಂತ ಒಂದು ಪುಟ ಬರ್ಕೊಡು."

"ಅವರ ರಿಟೈರ್‌ಮೆಂಟ್‌ಗೆ ತೊಂದರೆ ಆಗಲ್ವಾ ಸರ್?"

"ವಿಚಾರಣೆ ಅಂತ ಒಂದೆರಡು ವರ್ಷ ಎಳೀತದೆ, ಆಮೇಲೆ ಮುಗೀತದೆ. ಹೆಂಗೂ ಹೋಗೋರು." ಮೇಜಿನ ಮೇಲಿದ್ದ ಒಂದು ಫೈಲನ್ನು ನನ್ನ ಕಡೆ ತಿರುಗಿಸಿದರು. ರಟ್ಟಿನ ಮೇಲೆ ನನ್ನ ಹೆಸರು. "ಇದನ್ನ ಮಾರ್ಚ್ ಮೀಟಿಂಗಿಗೆ ಇಡ್ತಾ ಇದೀನಿ. ನೀನಿನ್ನೂ ಇರೋಳು."

ಕೆಟ್ಟವರೆಂದು ಬರೆದರೆ ಸುಳ್ಳಾಗುತ್ತದೆ. ಅಬ್ಬಾ ತೀರಿಕೊಂಡಾಗ ಗುಂಡ್ಲುಪೇಟೆಗೆ ಬಂದು, ಖಬರಸ್ತಾನದ ಗೇಟಿನ ಹೊರಗೆ ಬಿಸಿಲಲ್ಲಿ ಒಬ್ಬರೇ ಕೊನೆಯವರೆಗೂ ನಿಂತಿದ್ದರು. ನಾನು ಕೇಳದೆಯೇ ಹದಿನೈದು ದಿನ ರಜೆ ಕೊಟ್ಟಿದ್ದರು.

"ಬರೀತೀನಿ ಸರ್" ಎಂದು ಬಂದೆ. ಏನನ್ನು ಎಂದು ಹೇಳಲಿಲ್ಲ.

೨೧ ಫೆಬ್ರವರಿ, ಶುಕ್ರವಾರ

ಬಾಯ್ಲರ್ ಹೊರಡಲಿಲ್ಲ. ಮಂಡಳಿ ಐದು ದಿನ ಮುಂದೆ ಹಾಕಿದೆ. ಅಷ್ಟರಲ್ಲಿ ಮೊದಲ ಹಳ್ಳಿಗಳದ್ದಾದರೂ ಪಟ್ಟಿ ಬೇಕು. ಎಲ್ಲವನ್ನೂ ಮತ್ತೆ ಕಟ್ಟಬೇಕು, ಇರುವ ದಾರಿ ಒಂದೇ: ಊರೂರಿಗೆ ಹೋಗಿ ಕೇಳುವುದು.

ಇವತ್ತು ಎರಡು ಹಳ್ಳಿ. ಗಂಗಾಂಬಿಕೆ ಮೇಡಂ ಜೊತೆ ನಾನು, ತೊಡೆಯ ಮೇಲೆ ಲ್ಯಾಪ್‌ಟಾಪ್. ನಾನು ಮೊದಲು, ನಾನು ಮೊದಲು ಎಂದು ಎಲ್ಲರೂ ಜಗಳ. ಮೇಡಂ ಸುಮ್ಮನೆ ಕೂತು ಎಲ್ಲ ಕೇಳಿಸಿಕೊಂಡು ಕೊನೆಗೆ ಬಾಯಿ ಬಿಟ್ಟರು.

"ಸೋಮಣ್ಣ, ನೀ ಬಂದ ದಿನ ಮೋಡ ಆಗಿತ್ತು. ನೀ ಒಳಕ್ ಬರುವಾಗ ಈ ನಂಜುಂಡಪ್ಪ ಎದ್ದೋಗ್ತಿದ್ದ. ನಿನ್ ಕೈಲಿ ಕೊಡೆ ಇತ್ತು, ನನ್ ಮೇಜಿನ್ ಮ್ಯಾಲೆ ಮಡಗ್ದೆ, ನಾ ಬೈದೆ. ಇಲ್ಲ ಅನ್ನು?"

ಸೋಮಣ್ಣ ಇಲ್ಲ ಅನ್ನಲಿಲ್ಲ. ನಂಜುಂಡಪ್ಪ ಮೊದಲು, ಸೋಮಣ್ಣ ಆಮೇಲೆ ಎಂದು ನಾನು ಟೈಪ್ ಮಾಡಿದೆ. ಸಂಜೆಯವರೆಗೆ ಹೀಗೇ ಮೂವತ್ತೆಂಟು ಹೆಸರು. ಕೊಡೆ, ಕೆಮ್ಮು, ಹೊಸ ಚಪ್ಪಲಿ, ಅಳಿಯನ ಜೊತೆ ಬಂದದ್ದು, ಚಿಲ್ಲರೆ ಮರೆತು ವಾಪಸು ಬಂದದ್ದು. ಆ ಡಿಸ್ಕಿನಲ್ಲಿ ಇವು ಯಾವುವೂ ಇರಲಿಲ್ಲ.

ವಾಪಸು ಬರುವಾಗ ಕೇಳಿದರು: "ನೀನು ಬೆರಳು ಮಡಗೋ ತರ ಟೈಪಿಂಗ್ ಕಲ್ತೋರ ತರ ಅದೆ. ಎಲ್ಲಿ ಕಲ್ತೆ?"

"ಇಲ್ಲೇ ಮೇಡಂ, ಗುಂಡ್ಲುಪೇಟೆಯಲ್ಲಿ. ನಮ್ಮ ತಂದೆ ಟೈಪ್‌ರೈಟರ್ ರಿಪೇರಿ ಮಾಡ್ತಿದ್ದರು."

ಬಸ್ಸಿನಲ್ಲಿ ಪೂರ್ತಿ ನನ್ನ ಕಡೆ ತಿರುಗಿ ಕೂತರು. "ಹಿದಾಯತ್ ಸಾಬ್ರ ಮಗಳಾ ನೀನು? ಅಯ್ಯೋ ಶಿವನೆ! ಎಂಬತ್ತೈದ್ನೇ ಇಸ್ವಿ, ನಾ ಸೀನಿಯರ್ ಪರೀಕ್ಸೆ ಕಟ್ಟಿದ್ದೆ. ನನ್ ಮಿಸಿನ್ನಲ್ಲಿ 'ದ' ಒಡದ್ರೆ ಎರಡು ಬೀಳ್ತಿತ್ತು. ಮೇಷ್ಟ್ರು ನಿಂದೇ ತಪ್ಪು, ಬೆರಳು ನಡುಗ್ತದೆ ಅಂದ್ರು. ನಿಮ್ಮಪ್ಪ ಬಂದು, 'ಇಲ್ಲ ಮೇಷ್ಟ್ರೇ, ಉಡುಗಿ ಸರಿಯಾಗೇ ಒಡೀತದೆ, ಮಿಸಿನ್ನೇ ಸುಳ್ಳೇಳದು' ಅಂದ್ರು ಕಣಮ್ಮಿ. ಎಲ್ರ ಮುಂದೂವೆ."

ರಾತ್ರಿ ಮುಚ್ಚುವುದರೊಳಗೆ ಬಂಡೀಪುರ ಕಾಡಿನ ಗೇಟು ದಾಟಬೇಕೆಂದು ತರಕಾರಿ ಲಾರಿಗಳು ಎದುರಿಗೆ ಒಂದರ ಹಿಂದೆ ಒಂದು ಓಡುತ್ತಿದ್ದವು. ಅವುಗಳನ್ನೇ ನೋಡುತ್ತ ಕೂತೆ. ಮೇಡಂ ಇನ್ನೂ ಏನೇನೋ ಹೇಳುತ್ತಿದ್ದರು. ಆ ಪುಟ ಬರೆಯಲು ಸೆಕ್ರೆಟರಿ ಹೇಳಿದ್ದನ್ನು ನಾನು ಹೇಳಲಿಲ್ಲ.

೨೬ ಫೆಬ್ರವರಿ, ಬುಧವಾರ

ಬಾಯ್ಲರ್ ನಿನ್ನೆ ಹೊರಟಿತು. ನೂರ ನಲವತ್ತೊಂದು ಹೆಸರು ಸಿಕ್ಕಿವೆ. ಶಾಖೆಯ ಪ್ರಿಂಟರ್ ಬಿಚ್ಚಿ ನೋಡಿದೆ, ಒಳಗೆ ಒಂದು ಗುಂಡುಪಿನ್ನು. ಹತ್ತು ನಿಮಿಷದ ಕೆಲಸ. ಎಲ್ಲರಿಗೂ ಚೀಟಿ ಕೊಟ್ಟೆವು.

೪ ಮಾರ್ಚ್, ಮಂಗಳವಾರ

ರಂಜಾನ್ ಉಪವಾಸದ ಮೂರನೇ ರೋಜಾ. ಭೀಮನಬೀಡಿನ ಬೀದಿ ಬೀದಿ ನಡೆದು ಉಳಿದ ಹೆಸರು ಬರೆದುಕೊಂಡೆವು. ನೆತ್ತಿ ಸುಡುವ ಬಿಸಿಲು. ಮೇಡಂ ನನ್ನ ಎದುರು ನೀರು ಕುಡಿಯಲೇ ಇಲ್ಲ. ಕುಡಿಯಿರಿ ಎಂದರೆ, "ನಂಗೆ ಬಾಯಾರ್ಕೆ ಇಲ್ಲ" ಎಂದರು. ಆಮೇಲೆ ನೋಡಿದರೆ ಒಂದು ಮನೆಯ ಹಿಂದೆ ನಿಂತು, ಸೆರಗು ಅಡ್ಡ ಹಿಡಿದು ಗಟಗಟ ಕುಡಿಯುತ್ತಿದ್ದರು.

ಅದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಬಸ್ಸಿಗೆ ಕಾಯುತ್ತ ಕಲ್ಲಿನ ಮೇಲೆ ಕೂತಿದ್ದಾಗ ಅವರೇ ಮಾತು ತೆಗೆದರು.

"ಮೂರು ಸಲ ಯೋಳಿದ್ದೆ. ನೀನೂ ಬರ್ಕಂಡೆ. ಆ ಸೆಕ್ರೆಟ್ರಿ ಮಾತ್ರ ಹೊಸಾದು ಕೊಡ್ನಿಲ್ಲ. ದೊಡ್ಡೋರಿಗೆ ನಮ್ ಮಾತು ಕೇಳಕಿಲ್ಲ ಕಣಮ್ಮಿ."

"ಸೆಕ್ರೆಟರಿಗೆ ಗೊತ್ತೇ ಇಲ್ಲ ಮೇಡಂ. ನಾನು ಹೇಳಲೇ ಇಲ್ಲ. ಸಮಸ್ಯೆ ಇಲ್ಲ ಅಂತ ಬರೆದು ಮುಚ್ಚಿಬಿಟ್ಟೆ. ಮೂರೂ ಸಲ."

ಅವರು ನನ್ನನ್ನೇ ನೋಡಿದರು.

"ನಕಲು ತಗೊಳ್ಳೋದೂ ನಿಂತಿತ್ತು. ಅದನ್ನೂ ನಾನು ನೋಡಿರಲಿಲ್ಲ. ಈಗ ನೀವು ಸ್ವಿಚ್ ಆರಿಸಿದ್ದಕ್ಕೆ ಹಾಳಾಯ್ತು ಅಂತ ಬರೆದುಕೊಡು ಅಂತಿದಾರೆ."

"ಬರ್ಕೊಟ್ಬುಟ್ಯಾ?"

"ಇನ್ನೂ ಇಲ್ಲ."

"ಒಂದ್ಸಲ ಬಂದು ಕೇಳಬಾರ್ದಾಗಿತ್ತಾ?" ಎಂದರು. ಕೂಗಿ ಹೇಳಿದ್ದರೆ ಚೆನ್ನಾಗಿತ್ತು. ಬಸ್ಸು ಬಂತು. ಮುಂದಿನ ಸೀಟಿಗೆ ಹೋಗಿ ಒಬ್ಬರೇ ಕೂತರು.

೭ ಮಾರ್ಚ್, ಶುಕ್ರವಾರ

ಮಾತಿಲ್ಲ. ಹೆಸರು ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. "ಅಮ್ಮಿ" ಅನ್ನುವುದಿಲ್ಲ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಖರ್ಜೂರ ತೆಗೆದುಕೊಂಡು ರೋಜಾ ಬಿಟ್ಟೆ. ಚಿಕ್ಕಂದಿನಲ್ಲಿ ಇದೇ ಹೊತ್ತಿಗೆ ಅಬ್ಬಾ ಅಂಗಡಿಯ ಹಲಗೆ ಹಾಕಿ, ಒಂದು ಕೈಯಲ್ಲಿ ಸಮೋಸದ ಪೊಟ್ಟಣ, ಒಂದು ಕೈಯಲ್ಲಿ ನನ್ನ ಕೈ ಹಿಡಿದು ಮನೆಗೆ ಓಡುತ್ತಿದ್ದರು. ಮಸೀದಿಯಲ್ಲಿ ಬಾಂಗ್ ಕೂಗುವುದರೊಳಗೆ ಮುಟ್ಟಬೇಕು. ಒಮ್ಮೆಯೂ ಮುಟ್ಟುತ್ತಿರಲಿಲ್ಲ. ಯಾಕೆಂದರೆ ದಾರಿಯಲ್ಲಿ ಯಾರಾದರೂ ನಿಲ್ಲಿಸಿ "ಸಾಬ್ರೇ, ರಿಬ್ಬನ್ನು ಸಿಕ್ಕಾಕೊಂಡದೆ" ಎನ್ನುತ್ತಿದ್ದರು, ಅವರು ನಿಲ್ಲುತ್ತಿದ್ದರು.

೧೨ ಮಾರ್ಚ್, ಬುಧವಾರ

ವರದಿ ಕೊಟ್ಟೆ. ಒಂದೂವರೆ ಪುಟ. ಮೂರು ತಾರೀಖು, ನನ್ನ ಷರಾ, ವಿಫಲವಾದ ನಕಲುಗಳು, ಎಲ್ಲವೂ. "ಬಳಕೆದಾರರು ಸಕಾಲದಲ್ಲಿ ಎಚ್ಚರಿಸಿದ್ದರು" ಎಂದು ಬರೆದು, ಅದನ್ನು ಹೊಡೆದು, "ಗಂಗಾಂಬಿಕೆಯವರು ಸಕಾಲದಲ್ಲಿ ಎಚ್ಚರಿಸಿದ್ದರು" ಎಂದು ತಿದ್ದಿದೆ.

ಶಿವರುದ್ರಸ್ವಾಮಿಯವರು ಎರಡು ಸಲ ಓದಿದರು. "ಇದನ್ನ ವಾಪಸ್ ತಗೊಂಡು ಹೋಗು. ನಾಳೆ ಬಾ. ತಲೆ ತಣ್ಣಗಾಗಿರ್ತದೆ."

"ತಣ್ಣಗಿದ್ದಾಗಲೇ ಬರೆದದ್ದು ಸರ್."

"ಅನೀಸಾ, ಈ ಫೈಲು ಒಂದ್ಸಲ ಹಿಂದಕ್ಕೆ ಹೋದ್ರೆ ಮತ್ತೆ ನಾನಿರೋವರೆಗೂ ಬರಲ್ಲ."

"ಗೊತ್ತು ಸರ್."

ವರದಿಯನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಮೆಟ್ಟಿಲು ಇಳಿದೆ.

ಅಮ್ಮನಿಗೆ ಎಲ್ಲ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಕೈ ನಿಂತಿತು. ಹನ್ನೊಂದು ವರ್ಷ ಕಾದವರು ನನಗಿಂತ ಅವರೇ. ಮತ್ತೆ ಅಕ್ಕಿ ಆರಿಸುತ್ತ ಕೇಳಿದರು: "ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಹತ್ತಿರ ಆ ಹುಣಸೆ ಮರ ಇದೆಯಾ ಇನ್ನೂ?" ಇಲ್ಲ, ಕಡಿದಿದ್ದಾರೆ ಎಂದೆ. "ನಾಳೆಗೆ ಏನು ಕಟ್ಟಲಿ ಇಫ್ತಾರಿಗೆ?" ಎಂದರು.

೨೧ ಮಾರ್ಚ್, ಶುಕ್ರವಾರ

ಮೀಟಿಂಗ್ ಆಯಿತು. ಖಾಯಂ ಇಲ್ಲ. ಗುತ್ತಿಗೆ ಇನ್ನೊಂದು ವರ್ಷಕ್ಕೆ ಮಾತ್ರ, ಅದೂ ಗುಂಡ್ಲುಪೇಟೆ ಶಾಖೆಗೆ. ಅಲ್ಲಿಂದಲೇ ನಾಲ್ಕೂ ಶಾಖೆ ಸುತ್ತಬೇಕು. ಗಂಗಾಂಬಿಕೆ ಮೇಡಂ ಮೇಲೆ ವಿಚಾರಣೆ ಇಲ್ಲ.

ಶಿಕ್ಷೆ ಎಂದು ಎಲ್ಲರೂ ಪಿಸುಗುಟ್ಟುತ್ತಿದ್ದಾರೆ. ಗೋದಾಮಿನ ಮುಷರಫ್ ಬಂದು, "ಆಪಾ, ಆವತ್ತು ಕೂಗಾಡಿಬಿಟ್ಟೆ, ಬೇಜಾರು ಮಾಡ್ಕೋಬೇಡಿ" ಅಂದ. ಹೊಸ ಕೀಬೋರ್ಡ್ ಹಾಕಿಕೊಟ್ಟೆ. ಎರಡು ವರ್ಷದಿಂದ ಅವನ ತೆರೆ ಕಣ್ಣಿಗೆ ಹೊಡೆಯುತ್ತಿತ್ತಂತೆ, ಅದಕ್ಕೇ ತಲೆನೋವಂತೆ. ಬೆಳಕು ಕಡಿಮೆ ಮಾಡಿದೆ. ಸುಮಾರು ಹೊತ್ತು ಮಾತಾಡುತ್ತಿದ್ದೆವು.

೨೯ ಮಾರ್ಚ್, ಶನಿವಾರ

ನಾಳೆ ಯುಗಾದಿ, ನಾಡಿದ್ದು ರಂಜಾನ್ ಆಗಬಹುದು. ಅದಕ್ಕೆ ಮೇಡಂ ಬೀಳ್ಕೊಡುಗೆ ಇವತ್ತೇ ಆಯಿತು. ಶಾಲು, ಹಾರ, ಗೋಡೆ ಗಡಿಯಾರ. ಶಿವರುದ್ರಸ್ವಾಮಿಯವರೂ ಬಂದು ಎರಡು ಒಳ್ಳೆಯ ಮಾತಾಡಿದರು.

ಮೇಡಂ ಮೇಜಿನ ಡ್ರಾಯರ್ ಖಾಲಿ ಮಾಡಿ ಬೀಗದ ಕೈ ನನ್ನ ಮುಂದೆ ಇಟ್ಟರು. "ನೂರೆಂಬತ್ತೈದು ಹೆಸ್ರೂ ಸರಿಯಾಗವೆ. ನೋಡ್ಕೊ" ಎಂದರು. ಅಷ್ಟೇ. ವರದಿಯ ವಿಷಯ ಅವರಿಗೆ ಗೊತ್ತಿದೆ, ಮುಷರಫ್ ಹೇಳಿದ್ದಾನೆ.

೩೧ ಮಾರ್ಚ್, ಸೋಮವಾರ

ರಂಜಾನ್. ಅಮ್ಮನನ್ನು ಕರೆದುಕೊಂಡು ಗುಂಡ್ಲುಪೇಟೆಗೆ ಹೋಗಿದ್ದೆ. ಖಬರಸ್ತಾನದ ಗೇಟಿನ ಹೊರಗೆ ನಿಂತೆವು, ಅಮ್ಮ ಅಲ್ಲಿಂದಲೇ ಅಬ್ಬಾಗಾಗಿ ದುವಾ ಮಾಡಿದರು. ಆಮೇಲೆ ಹಳೆಯ ಬೀದಿಯಲ್ಲಿ ನಡೆದೆವು. ಚಿಪ್ಸ್ ಅಂಗಡಿಯ ಹಲಗೆಗಳನ್ನು ಅಮ್ಮ ಕೈಯಿಂದ ಮುಟ್ಟಿ ನೋಡಿದರು. ಅಂಗಡಿಯವನು ಏನೆಂದು ಕೇಳಲಿಲ್ಲ, ಒಂದು ಪೊಟ್ಟಣ ಚಿಪ್ಸ್ ಕೊಟ್ಟ.

೧ ಏಪ್ರಿಲ್, ಮಂಗಳವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಒಂಬತ್ತೂವರೆಗೆ ಶಾಖೆಯ ಬೀಗ ತೆಗೆಯಲು ಹೋದರೆ ಮೆಟ್ಟಿಲ ಮೇಲೆ ಗಂಗಾಂಬಿಕೆ ಮೇಡಂ ಕೂತಿದ್ದಾರೆ. ನಿವೃತ್ತಿಯಾಗಿ ಒಂದು ದಿನ. ಮರೆತು ಬಂದರೇನೋ ಅಂದುಕೊಂಡೆ. ಮುಖ ಬಾಡಿತ್ತು.

"ಒಂದೆಸ್ರು ಬುಟ್ಟೋಗದೆ" ಎಂದರು. "ಭೀಮನಬೀಡ್ನ ಪುಟ್ಟಮಾದಮ್ಮ. ಆಫೀಸಿಗೆ ಬಂದಿರ್ನಿಲ್ಲ ಆಯಮ್ಮ. ಸಂತೇಲಿ ಸಿಕ್ಕಿ ಯೋಳಿದ್ಲು, ನಾನೇ ಬಂದು ಕಂಪ್ಯೂಟ್ರಿಗೆ ಹಾಕ್ದೆ. ಮೊನ್ನೆ ಒಬ್ಬಟ್ಟಿನ ಹೂರ್ಣ ರುಬ್ತಾ ಇದ್ದೆ, ಅರಿಶಿನ ಹಾಕುವಾಗ ನೆಪ್ಪಾಯ್ತು. ಎರಡು ದಿನ ಆಫೀಸಿಲ್ಲ. ನಿನ್ ಆಫೀಸ್ ನಂಬ್ರು ಬುಟ್ರೆ ಬ್ಯಾರೆ ನನ್ ತಾವಿಲ್ಲ."

ಪುಟ್ಟಮಾದಮ್ಮನ ಬಳಿ ಫೋನಿಲ್ಲ. ಬಾಯ್ಲರ್ ಓಡಿಸುವ ದೇವರಾಜುಗೆ ಫೋನು ಮಾಡಿದೆ. ಭೀಮನಬೀಡಿನ ಕೊನೆಯ ಸರದಿ, ಚಿಕ್ಕಮಲ್ಲಪ್ಪನವರದ್ದು, ನಡೆಯುತ್ತಿದೆ. ಮಧ್ಯಾಹ್ನ ಬೇಗೂರಿನ ಕಡೆ ಹೊರಟರೆ ಮತ್ತೆ ಈ ಕಡೆ ಬರುವುದಿಲ್ಲ ಎಂದ. "ಆಫೀಸಿಂದ ಯೋಳಿದ್ರೆ ನಿಂತ್ಕತೀನಿ ಮೇಡಂ, ಸುಮ್ನೆ ನಿಲ್ಲಕಾಗಕಿಲ್ಲ."

ಸೆಕ್ರೆಟರಿಗೆ ಮಾಡಿದೆ. "ಸರ್, ಒಂದು ಹೆಸರು ಬಿಟ್ಟುಹೋಗಿತ್ತು. ತಪ್ಪು ನಮ್ಮದು. ಬಾಯ್ಲರ್ ಸಂಜೆಯವರೆಗೆ ನಿಲ್ಲಬೇಕು."

ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. "ತಪ್ಪು ಒಪ್ಕೊಳ್ಳೋದು ನಿನಗೆ ಚಟ ಆಗೋಯ್ತು ಕಣಮ್ಮ." ಆಮೇಲೆ, "ಸಂಜೆ ಒಳಗೆ ಮುಗಿಸ್ಲಿ. ಬೇಗೂರಿನೋರಿಗೆ ನಾನು ಹೇಳ್ತೀನಿ."

ಆಫೀಸಿಗೆ ಬೀಗ ಹಾಕಿ ಆಟೋ ಹಿಡಿದೆವು.

ಪುಟ್ಟಮಾದಮ್ಮ ಊರಾಚೆ ಕಾಲು ಎಕರೆಯಲ್ಲಿ ಅರಿಶಿನ ಹಾಕಿ, ಉಳಿದ ದಿನ ಕೂಲಿಗೆ ಹೋಗುವ ಮುದುಕಿ. ಗುಡಿಸಿಲ ಮುಂದೆ ಕಿತ್ತ ಅರಿಶಿನದ ರಾಶಿ, ಮೇಲೆ ಒಣಗಿದ ಎಲೆ ಮುಚ್ಚಿದ್ದರು. ಒಂದು ಸಣ್ಣ ಕೊಪ್ಪರಿಗೆಯ ಕೆಳಗೆ ಬೆಂಕಿ ಹಚ್ಚಿ ತಾವೇ ಸ್ವಲ್ಪ ಸ್ವಲ್ಪ ಬೇಯಿಸಲು ಕೂತಿದ್ದರು. ಹಾಗೆ ಬೇಯಿಸಿದರೆ ವಾರವಾದರೂ ಮುಗಿಯುವುದಿಲ್ಲ.

"ಯಾಕಕ್ಕ, ಬಂದು ಕೇಳ್ಬಾರ್ದಾಗಿತ್ತಾ?" ಎಂದರು ಮೇಡಂ.

ಆಕೆ ಹೊಗೆಗೆ ಕಣ್ಣು ಒರೆಸಿಕೊಂಡು ಇಬ್ಬರನ್ನೂ ನೋಡಿದರು. "ಏನ್ ಕೇಳದವ್ವ? ಎಲ್ರಿಗೂ ಚೀಟಿ ಬಂತು, ನಂಗೆ ಬರ್ನಿಲ್ಲ. ನಮ್ಮಂತೋರ್ ಹೆಸ್ರ ಮಿಸಿನ್ನು ಇಟ್ಕಳಕಿಲ್ವೇನೋ ಅನ್ಕಂಡಿ."

"ಮಿಷಿನ್ ಅಲ್ಲಜ್ಜಿ" ಎಂದೆ. "ಮಿಷಿನ್ ಇಟ್ಟುಕೊಂಡಿತ್ತು. ಕಳೆದದ್ದು ನಾನು."

ನನ್ನ ಪಕ್ಕದಿಂದ ಮೇಡಂ ಹೇಳಿದರು: "ಅವ್ಳೊಬ್ಳೇ ಅಲ್ಲ ಕಣಕ್ಕ. ಊರೂರು ಸುತ್ತಿ ನೂರೆಂಬತ್ತೈದ್ ಜನದ್ ಹೆಸ್ರು ಯೋಳ್ದೆ, ನಿಂದು ಮರ್ತೆ. ಇಬ್ರೂ ಸೇರೇ ಮಾಡ್ಬುಟ್ಟೊ."

ನಾನು ಅವರ ಕಡೆ ತಿರುಗಲಿಲ್ಲ. ತಿರುಗಿದ್ದರೆ ಅತ್ತುಬಿಡುತ್ತಿದ್ದೆ.

ಚಿಕ್ಕಮಲ್ಲಪ್ಪನವರಿಗೆ ವಿಷಯ ಹೇಳಿದಾಗ ಅವರು ಮೊದಲು ಕೂಗಾಡಿದರು. ಕೂಗಾಡುತ್ತಲೇ ಟ್ರ್ಯಾಕ್ಟರ್ ತೆಗೆದು ಪುಟ್ಟಮಾದಮ್ಮನ ರಾಶಿ ತುಂಬಿಸಿಕೊಂಡು ತಮ್ಮ ಕಣಕ್ಕೇ ತಂದರು. ನಾವೂ ಬುಟ್ಟಿ ಹಿಡಿದೆವು. ದೇವರಾಜು ಡ್ರಮ್ಮಿನ ಮುಚ್ಚಳ ಬಿಗಿದು ಹಬೆ ಬಿಟ್ಟ. ಕಣದ ತುಂಬ ಮಣ್ಣಿನ ವಾಸನೆ, ಅರಿಶಿನದ ವಾಸನೆ. ಹನ್ನೊಂದು ವರ್ಷ ಈ ಮಂಡಳಿಯಲ್ಲಿ ಕೆಲಸ ಮಾಡಿ ಅರಿಶಿನ ಬೇಯುವುದನ್ನು ನಾನು ನೋಡಿದ್ದು ಇವತ್ತೇ.

ಇಳಿಸಿದ ಮೇಲೆ ಪುಟ್ಟಮಾದಮ್ಮ ಒಂದು ಕೊಂಬು ಆರಿಸಿ, ಒಂದು ಕಡ್ಡಿಯ ಜೊತೆ ನನ್ನ ಕೈಗಿಟ್ಟರು. "ಚುಚ್ಚಿ ನೋಡವ್ವ, ಬೆಂದದಾ?" ಕಡ್ಡಿ ಸಲೀಸಾಗಿ ಇಳಿಯಿತು.

ಐದೂವರೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಖಾಲಿಯಿತ್ತು. ಮೇಡಂ ಒಳಗೆ ಸರಿದು ಪಕ್ಕದಲ್ಲಿ ಜಾಗ ಮಾಡಿದರು. ನಾನು ಕೂತೆ. ಗುಂಡ್ಲುಪೇಟೆಯಲ್ಲಿ ಇಳಿಯುವಾಗ ಸೆರಗು ಕೊಡವಿಕೊಂಡು ಕೇಳಿದರು.

"ನಾಳೀಕೆ ಎಷ್ಟೊತ್ಗೆ ಬಾಗ್ಲು ತೆಗೀತೀಯಮ್ಮಿ?"

"ಒಂಬತ್ತೂವರೆಗೆ ಮೇಡಂ."

"ನಾ ಅಡ್ಗೆ ಮುಗಿಸ್ಕಂಡು ಹನ್ನೊಂದ್ಕೆ ಬತ್ತೀನಿ. ಇನ್ನೂ ಯಾರಾದ್ರೂ ಬುಟ್ಟೋಗವ್ರಾ, ಕುಂತ್ಕಂಡು ನೋಡನ."